ಎರಡನೆಯ ಅಬ್ಲೇಷನ್: ಮಾಡಿಸುವುದೋ, ಬೇಡವೋ?



ಹೃದಯದ ಬಡಿತ ಲಯ ತಪ್ಪಿದವರಿಗೆ ಈಗ ಅಬ್ಲೇಷನ್ ಎಂಬ ಚಿಕಿತ್ಸೆ ಸಾಕಷ್ಟು ಪರಿಚಿತವಾಗಿದೆ. ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳುವಾದ ಕೊಳವೆ ತೂರಿಸಿ ಹೃದಯದವರೆಗೆ ಒಯ್ಯುತ್ತಾರೆ. ಅಲ್ಲಿ ತಂಟೆ ಮಾಡುತ್ತಿರುವ ಜಾಗವನ್ನು ಕಾಯಿಸಿಯೋ ಅತಿಶೀತದಿಂದಲೋ ನಿಷ್ಕ್ರಿಯಗೊಳಿಸುತ್ತಾರೆ. ಮೊದಲ ಸಲ ಇದಕ್ಕೆ ಒಪ್ಪಿಕೊಳ್ಳುವುದು ಅನೇಕರಿಗೆ ಅಷ್ಟೇನೂ ಕಷ್ಟವಾಗುವುದಿಲ್ಲ. ಮಾತ್ರೆಗಳು ನಾಟದೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದು, ರಾತ್ರಿ ಎದೆಯ ಡವಡವಕ್ಕೆ ನಿದ್ದೆಗೆಟ್ಟವರು ಡಾಕ್ಟರು ಹೇಳಿದ ಕೂಡಲೇ ಹ್ಞೂಂ ಅಂದುಬಿಡುತ್ತಾರೆ. ಕಷ್ಟ ಬರುವುದು ಆಮೇಲೆ. ಆರು ತಿಂಗಳೋ ಎರಡು ವರ್ಷವೋ ನೆಮ್ಮದಿಯಾಗಿ ಕಳೆದ ಮೇಲೆ ಎದೆ ಮತ್ತೆ ಹಳೆಯ ರೀತಿಯಲ್ಲೇ ಹೊಡೆದುಕೊಳ್ಳತೊಡಗುತ್ತದೆ. ‘ಇನ್ನೊಂದು ಸಲ ಮಾಡೋಣ’ ಎನ್ನುತ್ತಾರೆ ಡಾಕ್ಟರು. ರೋಗಿಯೂ ಮನೆಯವರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ಎರಡನೆಯ ನಿರ್ಧಾರಕ್ಕೆ ಮೊದಲನೆಯದಕ್ಕಿಂತ ಹೆಚ್ಚು ಯೋಚನೆ ಬೇಕು. ಅದಕ್ಕೆ ಬೇಕಾದ ಸಮಯವೂ ಬಹುತೇಕ ರೋಗಿಗಳಿಗೆ ಇರುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ. ಆಸ್ಪತ್ರೆಗಳಲ್ಲಿ ಎಲ್ಲರೂ ಇದನ್ನು ಎಎಫ್ ಎಂದೇ ಕರೆಯುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ನೋಡ್, ಆರಾಮವಾಗಿ ಕುಳಿತಿರುವಾಗ, ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಸಂಕೇತ ಕೊಡುತ್ತದೆ. ಹೃದಯ ಆ ಸಂಕೇತದಂತೆ ನಡೆಯುತ್ತದೆ. ಎಎಫ್ ಬಂದಾಗ ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ರಿಂದ 600ರವರೆಗೆ ಅಡ್ಡಾದಿಡ್ಡಿ ಸಂಕೇತಗಳು ಓಡಾಡುತ್ತವೆ. ಕೋಣೆ ಸರಿಯಾಗಿ ಹಿಂಡಿ ರಕ್ತ ನೂಕುವುದನ್ನು ಬಿಟ್ಟು ಸುಮ್ಮನೆ ಅದುರುತ್ತಿರುತ್ತದೆ. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಎವಿ ನೋಡ್ ಈ ಗದ್ದಲದ ಬಹುಪಾಲನ್ನು ತಡೆಯುತ್ತದೆ. ತಪ್ಪಿಸಿಕೊಂಡು ಕೆಳಗಿಳಿದ ಸಂಕೇತಗಳೇ ನಾಡಿಯಾಗಿ ಬೆರಳಿಗೆ ಸಿಗುವುದು. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸಿದರೆ ಯಾರಿಗಾದರೂ ತಿಳಿಯುತ್ತದೆ: ಎರಡು ಬಡಿತ ಹತ್ತಿರ ಹತ್ತಿರ, ಆಮೇಲೊಂದು ದೂರ, ಒಂದು ಜೋರು, ಒಂದು ಬೆರಳಿಗೆ ಸಿಗುವುದೇ ಇಲ್ಲ.

ಈ ಗದ್ದಲ ಎಲ್ಲಿಂದ ಹುಟ್ಟುತ್ತದೆ ಎಂಬುದು ಬಹುಕಾಲ ಯಾರಿಗೂ ಸ್ಪಷ್ಟವಿರಲಿಲ್ಲ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ಮತ್ತು ಸಂಗಡಿಗರು ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಲೇಖನ ಪ್ರಕಟಿಸಿದರು. ಮಾತ್ರೆಗೆ ಬಗ್ಗದೆ ಎಎಫ್ ಪದೇ ಪದೇ ಬರುತ್ತಿದ್ದ 45 ರೋಗಿಗಳ ಹೃದಯವನ್ನು ಅವರು ಒಳಗಿನಿಂದಲೇ ಪರೀಕ್ಷಿಸಿದ್ದರು. ಎಎಫ್ ಶುರುಮಾಡುವ ಕಿಡಿ ಹಾರುವ 69 ಜಾಗಗಳು ಸಿಕ್ಕವು. ಅವುಗಳಲ್ಲಿ ಶೇ. 94ರಷ್ಟು ಇದ್ದದ್ದು ಶ್ವಾಸಕೋಶದಿಂದ ಶುದ್ಧರಕ್ತ ತಂದು ಎಡ ಹೃತ್ಕರ್ಣಕ್ಕೆ ಸುರಿಯುವ ನಾಲ್ಕು ರಕ್ತನಾಳಗಳ ಒಳಗೆ. ಹೃದಯದ ಸ್ನಾಯು ಈ ನಾಳಗಳ ಬಾಯಿಯಿಂದ ಕೊಂಚ ಒಳಗಿನವರೆಗೂ ಹಬ್ಬಿರುತ್ತದೆ, ಕಿಡಿ ಹುಟ್ಟುವುದು ಅಲ್ಲಿ. ಇಂದು ಜಗತ್ತಿನ ಎಲ್ಲೆಡೆ ನಡೆಯುತ್ತಿರುವ ಎಎಫ್ ಅಬ್ಲೇಷನ್ ಈ ಶೋಧದ ಮೇಲೆಯೇ ನಿಂತಿದೆ. ನಾಳಗಳ ಬಾಯಿಯ ಸುತ್ತ ಗಾಯದ ಕಲೆಯ ಉಂಗುರವೊಂದನ್ನು ಮೂಡಿಸಿದರೆ ಒಳಗಿನ ಕಿಡಿ ಹೊರಗೆ ದಾಟಲಾರದು. ಕಲೆಗಟ್ಟಿದ ಸ್ನಾಯುವಿನಲ್ಲಿ ವಿದ್ಯುತ್ ಹರಿಯುವುದಿಲ್ಲ.

ಅದೇ 1998ರ ಲೇಖನದಲ್ಲಿ ಇನ್ನೊಂದು ಸಂಖ್ಯೆಯೂ ಇತ್ತು. ಸರಾಸರಿ ಎಂಟು ತಿಂಗಳ ನಂತರ ನೋಡಿದಾಗ ಎಎಫ್ ಮರಳದೆ ಉಳಿದವರು 28 ಮಂದಿ, ಅಂದರೆ ಶೇ. 62. ಮರಳಿ ಬರುವ ಸಮಸ್ಯೆ ಈ ಚಿಕಿತ್ಸೆಯ ಜೊತೆಗೇ ಹುಟ್ಟಿದ್ದು. ಅದನ್ನು ಯಾರೋ ಒಬ್ಬ ಡಾಕ್ಟರ ಕೈತಪ್ಪು ಎಂದೋ ರೋಗಿಯ ದುರದೃಷ್ಟವೆಂದೋ ಎಣಿಸುವುದು ಸರಿಯಲ್ಲ.

ಮರಳಿ ಬರುವುದಕ್ಕೆ ಅತಿ ಸಾಮಾನ್ಯ ಕಾರಣ ಆ ಉಂಗುರದಲ್ಲಿ ಉಳಿದ ಅಥವಾ ಮತ್ತೆ ತೆರೆದುಕೊಂಡ ಸಂದು. ಗದ್ದೆಯ ಬದುವಿನಲ್ಲಿ ಒಂದೇ ಒಂದು ಏಡಿ ಬಿಲವಿದ್ದರೂ ಸಾಕು, ಬೆಳಗಾಗುವಷ್ಟರಲ್ಲಿ ನೀರು ಕೆಳಗಿನ ಮಡಿಗೆ ಇಳಿದಿರುತ್ತದೆ. ಇಲ್ಲಿಯೂ ಕೆಲವೇ ಮಿಲಿಮೀಟರಿನ ಸಂದು ಸಾಕಾಗುತ್ತದೆ. ಅಬ್ಲೇಷನ್ ಆದ ದಿನ ಊತದಿಂದ ಆ ಜಾಗ ಮಂಕಾಗಿ, ಉಂಗುರ ಪೂರ್ತಿ ಮುಚ್ಚಿದಂತೆ ಕಂಡಿರುತ್ತದೆ. ವಾರಗಳು ಕಳೆದು ಊತ ಇಳಿದಾಗ ಅಲ್ಲಿನ ಸ್ನಾಯು ಚೇತರಿಸಿಕೊಂಡು ಮತ್ತೆ ವಿದ್ಯುತ್ ಹಾಯಿಸತೊಡಗುತ್ತದೆ.

ಎರಡನೆಯ ಅಬ್ಲೇಷನ್ನಿನಲ್ಲಿ ಡಾಕ್ಟರು ಮೊದಲು ಹುಡುಕುವುದು ಈ ಸಂದನ್ನೇ. ರೋಗಿ ಮಲಗಿರುವ ಮೇಜಿನ ಪಕ್ಕದ ದೊಡ್ಡ ಪರದೆಯಲ್ಲಿ ಅವರ ಎಡ ಹೃತ್ಕರ್ಣದ ಬಣ್ಣದ ನಕ್ಷೆಯೊಂದು ನಿಧಾನವಾಗಿ ಮೂಡುತ್ತದೆ. ಕ್ಯಾತಿಟರಿನ ತುದಿ ಒಳಗೋಡೆಯನ್ನು ಸೋಕಿದಲ್ಲೆಲ್ಲ ಅಲ್ಲಿನ ವೋಲ್ಟೇಜು ದಾಖಲಾಗುತ್ತದೆ. ಸಾಮಾನ್ಯವಾಗಿ ಆರೋಗ್ಯವಂತ ಸ್ನಾಯು ನೇರಳೆ ಬಣ್ಣದಲ್ಲಿ, ಸತ್ತು ಕಲೆಗಟ್ಟಿದ ಜಾಗ ಕೆಂಪಿನಲ್ಲಿ ಕಾಣುವಂತೆ ಹೊಂದಿಸಿರುತ್ತಾರೆ. ಮೊದಲ ಸಲದ ಕೆಲಸ ನಾಳದ ಬಾಯಿಯ ಸುತ್ತ ಕೆಂಪು ಉಂಗುರವಾಗಿ ಎದ್ದು ಕಾಣುತ್ತದೆ. ಆ ಕೆಂಪಿನ ನಡುವೆ ಎಲ್ಲೋ ಒಂದು ಕಡೆ ನೇರಳೆಯ ಸಣ್ಣ ಎಳೆ ಹಾದುಹೋಗಿರುತ್ತದೆ. ನಾಳದೊಳಗೆ ಇಟ್ಟ ಇನ್ನೊಂದು ಕ್ಯಾತಿಟರ್ ಸಣ್ಣ ಚೂಪು ಗೆರೆಗಳನ್ನು ಪರದೆಗೆ ಕಳಿಸುತ್ತಿರುತ್ತದೆ. ಒಳಗಿನ ಸ್ನಾಯು ಹೊರಗಿನದರ ಜೊತೆ ಇನ್ನೂ ಸಂಪರ್ಕದಲ್ಲಿದೆ ಎಂಬುದಕ್ಕೆ ಅವೇ ಸಾಕ್ಷಿ. ಸಂದಿನ ಮೇಲೆ ಅಬ್ಲೇಷನ್ ಮಾಡುತ್ತಿದ್ದಂತೆ ಆ ಚೂಪು ಗೆರೆಗಳು ಒಮ್ಮೆಲೇ ನಿಂತುಹೋಗುತ್ತವೆ. ಎರಡನೆಯ ಚಿಕಿತ್ಸೆ ಇಷ್ಟು ಸ್ಪಷ್ಟವಾದ ಗುರಿಯಿಟ್ಟು ನಡೆದಾಗ ಫಲ ಕೊಡುವ ಸಾಧ್ಯತೆ ಚೆನ್ನಾಗಿರುತ್ತದೆ.

ಎಷ್ಟು ಚೆನ್ನಾಗಿ? ಆಸ್ಟ್ರೇಲಿಯದ ಸಂಶೋಧಕರು 2013ರಲ್ಲಿ 19 ಅಧ್ಯಯನಗಳ 6,167 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಒಂದೇ ಸಲದ ಅಬ್ಲೇಷನ್ನಿನಿಂದ ದೀರ್ಘಕಾಲ ಎಎಫ್ ಇಲ್ಲದೆ ಉಳಿದವರು ಸುಮಾರು ಶೇ. 53. ಬೇಕಾದವರಿಗೆ ಮತ್ತೆ ಮಾಡಿದಾಗ ಆ ಸಂಖ್ಯೆ ಸುಮಾರು ಶೇ. 80ಕ್ಕೆ ಏರಿತು. ತಲಾ ಸರಾಸರಿ ಒಂದೂವರೆ ಅಬ್ಲೇಷನ್ ಆಗಿತ್ತು. ಆಮೇಲೆ ಉಪಕರಣಗಳು ಸುಧಾರಿಸಿವೆ, ಅಂಕಿಗಳೂ ಕೊಂಚ ಬದಲಾಗಿವೆ. ಆದರೂ ಮೊದಲ ಸಲಕ್ಕೆ ಸಹಿ ಹಾಕುವಾಗಲೇ ರೋಗಿಗೆ ಈ ಮಾತನ್ನು ಬಿಡಿಸಿ ಹೇಳಿದ್ದರೆ, ಎರಡನೆಯದರ ಮಾತು ಬಂದಾಗ ಅವರು ಅಷ್ಟು ಕುಗ್ಗುತ್ತಿರಲಿಲ್ಲ. ನಮ್ಮ ಹೊರರೋಗಿ ವಿಭಾಗಗಳ ನೂಕುನುಗ್ಗಲಿನಲ್ಲಿ ಈ ಮಾತಿಗೆ ಹೊತ್ತು ಸಿಗುವುದಿಲ್ಲ ಎಂಬುದು ನಿಜವಾಗಿಯೂ ನೋವಿನ ಸಂಗತಿ.

ಲಯದ ಎಲ್ಲ ತೊಂದರೆಗಳೂ ಹೀಗೆ ಹಟ ಹಿಡಿಯುವುದಿಲ್ಲ. ವುಲ್ಫ್-ಪಾರ್ಕಿನ್‌ಸನ್-ವೈಟ್ ಎಂಬ ಸ್ಥಿತಿಯಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುತ್ತದೆ, ಆ ಒಂದು ಎಳೆಯನ್ನು ಕಡಿದರೆ ಬಹುತೇಕ ಕೆಲಸ ಮುಗಿಯಿತು. 1991ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ 166 ರೋಗಿಗಳ ಹೆಚ್ಚುವರಿ ದಾರಿಗಳಲ್ಲಿ ಶೇ. 99ರಷ್ಟನ್ನು ತೊಡೆದುಹಾಕಲು ಸಾಧ್ಯವಾಗಿತ್ತು. ಹಾಗಿದ್ದೂ ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಲಮಾರ್ಕಸ್ ಆಲ್ಡ್ರಿಜ್ ಅವರಿಗೆ 2007ರಲ್ಲಿ ಈ ತೊಂದರೆ ಪತ್ತೆಯಾಗಿ ಚಿಕಿತ್ಸೆಯಾಯಿತು. ಲಕ್ಷಣಗಳು ಮರಳಿದ್ದರಿಂದ 2011ರ ಡಿಸೆಂಬರಿನಲ್ಲಿ ಮತ್ತೆ ಮಾಡಿಸಿಕೊಂಡರು. ಅದೇ ಋತುವಿನಲ್ಲಿ ಆಟಕ್ಕಿಳಿದು 2012ರಲ್ಲಿ ಮೊದಲ ಬಾರಿಗೆ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು. 2021ರ ಏಪ್ರಿಲಿನಲ್ಲಿ ಹೃದಯದ ಬಡಿತ ಅಸ್ತವ್ಯಸ್ತವಾಯಿತೆಂದು ನಿವೃತ್ತಿ ಘೋಷಿಸಿ, ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಆ ವರ್ಷವೇ ಮರಳಿ ಬಂದರು. ಎರಡನೆಯ ಚಿಕಿತ್ಸೆ ಅವರಿಗೆ ಆಟದ ಎಷ್ಟೋ ಒಳ್ಳೆಯ ವರ್ಷಗಳನ್ನು ಕೊಟ್ಟಿತು.

ಟೆನಿಸ್ ಆಟಗಾರ ಮಾರ್ಡಿ ಫಿಶ್ ಅವರ ಅನುಭವ ಬೇರೆ ರೀತಿಯದು. 2011ರಲ್ಲಿ ವಿಶ್ವದ ಏಳನೆಯ ಸ್ಥಾನಕ್ಕೇರಿದ್ದ ಅವರಿಗೆ ಮರುವರ್ಷ ಹೃದಯದ ಬಡಿತ ವಿಪರೀತ ಓಡತೊಡಗಿ, ಮೇ ತಿಂಗಳಲ್ಲಿ ಅಬ್ಲೇಷನ್ ಆಯಿತು. ಹೃದಯ ಸರಿಹೋಯಿತು, ಭಯ ಮಾತ್ರ ಹೋಗಲಿಲ್ಲ. ಆ ಸೆಪ್ಟೆಂಬರಿನಲ್ಲಿ ಯು.ಎಸ್. ಓಪನ್‌ನಲ್ಲಿ ರೋಜರ್ ಫೆಡರರ್ ವಿರುದ್ಧ ಆಡಬೇಕಿದ್ದ ಪಂದ್ಯದಿಂದ ಹಿಂದೆ ಸರಿದರು. ತಮ್ಮನ್ನು ಕಾಡಿದ್ದು ತೀವ್ರ ಆತಂಕದ ಕಾಯಿಲೆ ಎಂದು ಆಮೇಲೆ ಅವರೇ ಬಹಿರಂಗವಾಗಿ ಹೇಳಿಕೊಂಡರು, ಬರೆದರು. ಒಮ್ಮೆ ಹೃದಯ ಕೈಕೊಟ್ಟವರ ಗಮನವೆಲ್ಲ ಎದೆಯ ಮೇಲೆಯೇ ಇರುತ್ತದೆ. ಆಗೊಂದು ಈಗೊಂದು ಬಿಡಿ ಬಡಿತ ಬಂದರೂ ‘ಮತ್ತೆ ಬಂತು’ ಎಂದು ಜೀವ ಹಾರಿಹೋದಂತಾಗುತ್ತದೆ.

ಆದ್ದರಿಂದ ಮೊದಲು ಬೇಕಾದದ್ದು ದಾಖಲೆ. ತೊಂದರೆ ಬಂದಾಗಲೇ ತೆಗೆದ ಇಸಿಜಿ, ಅದು ಸಿಗದಿದ್ದರೆ ಒಂದು ದಿನದಿಂದ ಹದಿನಾಲ್ಕು ದಿನದವರೆಗೆ ಮೈಮೇಲೆ ಕಟ್ಟಿಕೊಂಡು ಬಡಿತ ದಾಖಲಿಸುವ ಹೋಲ್ಟರ್ ಅಥವಾ ಪ್ಯಾಚು. ಇಸಿಜಿ ಸೌಲಭ್ಯವಿರುವ ಕೈಗಡಿಯಾರ ಇದ್ದವರು ಅದರ ಪಟ್ಟಿಯನ್ನು ಉಳಿಸಿಟ್ಟುಕೊಂಡು ಡಾಕ್ಟರಿಗೆ ತೋರಿಸಬಹುದು. ದಾಖಲೆಯಲ್ಲಿ ಎಎಫ್ ಬದಲು ಏಟ್ರಿಯಲ್ ಫ್ಲಟರ್ ಕಾಣುವುದೂ ಉಂಟು. ಅನೇಕ ಸಲ ಮೊದಲ ಅಬ್ಲೇಷನ್ನಿನ ಕಲೆಗಳ ಸುತ್ತಲೇ ಸಂಕೇತ ಗಿರಕಿ ಹೊಡೆಯುವುದರಿಂದ ಹುಟ್ಟುವ ಲಯ ಅದು. ಮಾತ್ರೆಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ, ಎರಡನೆಯ ಅಬ್ಲೇಷನ್ನಿಗೆ ಹೆಚ್ಚಾಗಿ ಬಗ್ಗುತ್ತದೆ. ಬರೀ ಬಿಡಿ ಬಡಿತಗಳು ಕಂಡರೆ ಎರಡನೆಯ ಅಬ್ಲೇಷನ್ನಿನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಆತುರ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಅಬ್ಲೇಷನ್ ಆದ ಮೊದಲ ವಾರಗಳಲ್ಲಿ ಹೃದಯದ ಒಳಗೋಡೆ ಕೆರಳಿರುತ್ತದೆ. ಆಗ ಎಎಫ್ ಕಾಣಿಸಿಕೊಂಡರೆ ಅದನ್ನು ಚಿಕಿತ್ಸೆಯ ಸೋಲೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಅವಧಿಯನ್ನು ಬಹುಕಾಲ ಮೂರು ತಿಂಗಳೆಂದು ಎಣಿಸುತ್ತಿದ್ದರು. 2024ರಲ್ಲಿ ಅಂತಾರಾಷ್ಟ್ರೀಯ ತಜ್ಞ ಸಂಘಟನೆಗಳು ಒಟ್ಟಾಗಿ ಅದನ್ನು ಎರಡು ತಿಂಗಳಿಗೆ ಇಳಿಸಿದವು. ಮೂರನೆಯ ವಾರದಲ್ಲೇ ಎದೆ ಹೊಡೆದುಕೊಂಡಿತೆಂದು ‘ಖರ್ಚು ಮಾಡಿದ್ದೆಲ್ಲ ದಂಡ’ ಎಂದು ಮನೆಮಂದಿ ಕೈಚೆಲ್ಲಿ ಕೂರಬೇಕಾಗಿಲ್ಲ.

ಇನ್ನು ನಿರ್ಧಾರದ ತಿರುಳಿಗೆ ಬರೋಣ. ಒಂದು ಕಾಲ್ಪನಿಕ ಸಂದರ್ಭ ತೆಗೆದುಕೊಳ್ಳಬಹುದು. ಶಿವಮೊಗ್ಗದ ಕಡೆಯ ನಿವೃತ್ತ ಮೇಷ್ಟ್ರು, ವಯಸ್ಸು 66. ಬಿಪಿ ಇದೆ. ಒಂದೂವರೆ ವರ್ಷದ ಹಿಂದೆ ಬೆಂಗಳೂರಿಗೆ ಬಂದು ಅಬ್ಲೇಷನ್ ಮಾಡಿಸಿಕೊಂಡಿದ್ದಾರೆ. ಈಗ ಎಎಫ್ ಮರಳಿದೆ.

“ಡಾಕ್ಟ್ರೇ, ಹೋದ ಸಲ ಮಾಡಿದ್ದು ಕೆಲಸ ಮಾಡ್ಲಿಲ್ಲ ಅಂತ ತಾನೇ?”

“ಹಾಗೆ ಹೇಳೋಕಾಗಲ್ಲ ಮೇಷ್ಟ್ರೇ. ಮುಂಚೆ ಎಷ್ಟು ಸಲ ಬರ್ತಿತ್ತು?”

“ವಾರಕ್ಕೆ ಮೂರು, ನಾಲ್ಕು ಸಲ. ಒಂದೊಂದು ಸಲ ಇಡೀ ದಿನ ಇರೋದು. ಎದ್ದು ಓಡಾಡೋಕೇ ಆಗ್ತಿರಲಿಲ್ಲ.”

“ಈಗ?”

“ತಿಂಗಳಿಗೊಂದ್ಸಲ ಇರಬಹುದು. ಒಂದು ಗಂಟೆ ಇದ್ದು ತಾನಾಗೇ ಹೋಗುತ್ತೆ.”

“ಬಂದಾಗ ಯಾವ ಕೆಲಸ ನಿಂತುಹೋಗುತ್ತೆ?”

ಮೇಷ್ಟ್ರು ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡುತ್ತಾರೆ. “ಕೆಲಸ ಏನೂ ನಿಲ್ಲಲ್ಲ. ತೋಟಕ್ಕೂ ಹೋಗ್ತೀನಿ. ಆದ್ರೆ ಹೆದರಿಕೆ ಆಗುತ್ತೆ, ಲಕ್ವ ಗಿಕ್ವ ಹೊಡೆದ್ರೆ ಅಂತ.”

“ಲಕ್ವ ತಡೆಯೋ ಮಾತ್ರೆ ನೀವು ಈಗಾಗ್ಲೇ ತಗೋತಿದ್ದೀರಿ. ಅದೊಂದನ್ನ ತಪ್ಪಿಸ್ಬೇಡಿ. ಅಬ್ಲೇಷನ್ ಬಗ್ಗೆ ಈಗಲೇ ಹೇಳಲೇಬೇಕು ಅಂತೇನಿಲ್ಲ.”

ಈ ಮೇಷ್ಟ್ರ ಮೊದಲ ಅಬ್ಲೇಷನ್ ಸೋತಿತೇ? ಕಾಗದದ ಲೆಕ್ಕದಲ್ಲಿ ಸೋತಿತು. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ ಮೂವತ್ತು ಸೆಕೆಂಡು ಎಎಫ್ ಕಂಡರೂ ಅದನ್ನು ಮರುಕಳಿಕೆ ಎಂದೇ ಎಣಿಸುತ್ತಾರೆ. ಬದುಕಿನ ಲೆಕ್ಕದಲ್ಲಿ ನೋಡಿದರೆ ಅವರಿಗೆ ತೋಟ ಮರಳಿ ಸಿಕ್ಕಿದೆ. ತಿಂಗಳಿಗೊಂದು ಗಂಟೆಯ ತೊಂದರೆಗಾಗಿ ಮತ್ತೆ ಹೃದಯದೊಳಗೆ ಕ್ಯಾತಿಟರ್ ತೂರಿಸಿಕೊಳ್ಳಬೇಕೇ ಎಂಬುದಕ್ಕೆ ಅವರೇ ಉತ್ತರ ಕೊಡಬೇಕು, ಡಾಕ್ಟರ ಬಳಿ ಆ ಉತ್ತರ ಇರುವುದಿಲ್ಲ. ಅದೇ ಒಂದು ಗಂಟೆ ಲಾರಿ ಓಡಿಸುವ ನಲವತ್ತರ ಗಂಡಸಿಗೆ ಬಂದು ಕಣ್ಣು ಕತ್ತಲೆ ಬರುವಂತಿದ್ದರೆ ತೂಕ ಪೂರ್ತಿ ಬೇರೆಯಾಗುತ್ತದೆ.

ಅಬ್ಲೇಷನ್ ಆಯುಸ್ಸು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಯನ್ನು ‘ಕಬಾನಾ’ ಎಂಬ ದೊಡ್ಡ ಅಧ್ಯಯನ ಕೈಗೆತ್ತಿಕೊಂಡಿತು. ಹತ್ತು ದೇಶಗಳ 2,204 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಅಬ್ಲೇಷನ್, ಇನ್ನೊಂದಕ್ಕೆ ಮಾತ್ರೆ ಕೊಟ್ಟರು. 2019ರಲ್ಲಿ ಫಲಿತಾಂಶ ಬಂತು. ಸಾವು, ಅಂಗವೈಕಲ್ಯ ತರುವ ಪಾರ್ಶ್ವವಾಯು, ಗಂಭೀರ ರಕ್ತಸ್ರಾವ, ಹೃದಯಸ್ತಂಭನ ಇವೆಲ್ಲ ಸೇರಿ ಅಬ್ಲೇಷನ್ ಗುಂಪಿನಲ್ಲಿ ಶೇ. 8, ಮಾತ್ರೆ ಗುಂಪಿನಲ್ಲಿ ಶೇ. 9.2. ಇದು ಖಚಿತ ವ್ಯತ್ಯಾಸವೆಂದು ಸಾಬೀತಾಗಲಿಲ್ಲ. ಮಾತ್ರೆ ಗುಂಪಿನ ಕಾಲುಭಾಗಕ್ಕೂ ಹೆಚ್ಚು ಮಂದಿ ನಡುವೆಯೇ ಅಬ್ಲೇಷನ್ ಮಾಡಿಸಿಕೊಂಡದ್ದರಿಂದ ಈ ಫಲಿತಾಂಶದ ಬಗ್ಗೆ ಇಂದಿಗೂ ವಾದವಿದೆ. ಆದರೆ ಎಎಫ್ ಕಾಡುವುದು ಕಡಿಮೆಯಾಗಿ ದಿನನಿತ್ಯದ ಬದುಕು ಹಗುರಾದದ್ದು ಅಬ್ಲೇಷನ್ ಗುಂಪಿನಲ್ಲೇ ಹೆಚ್ಚು. ಹೃದಯದ ಪಂಪು ಸರಿಯಿರುವ ಬಹುಪಾಲು ರೋಗಿಗಳಿಗೆ ಎರಡನೆಯ ಅಬ್ಲೇಷನ್ ಮಾಡಿಸುವುದು ನೆಮ್ಮದಿಗಾಗಿ. ಮಾಡಿಸದಿದ್ದರೆ ಜೀವಕ್ಕೇ ಅಪಾಯ ಎಂಬ ಹೆದರಿಕೆಯಿಂದ ಸಹಿ ಹಾಕಬೇಕಾಗಿಲ್ಲ.

ಹೃದಯ ವೈಫಲ್ಯ ಇರುವವರ ವಿಷಯ ಬೇರೆ. 2018ರ ‘ಕ್ಯಾಸಲ್-ಎಎಫ್’ ಅಧ್ಯಯನದಲ್ಲಿ ಪಂಪು ಬಹಳ ದುರ್ಬಲವಾಗಿದ್ದ 363 ಮಂದಿ ಇದ್ದರು. ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಅಬ್ಲೇಷನ್ ಗುಂಪಿನಲ್ಲಿ ಶೇ. 28.5 ಇದ್ದರೆ, ಮಾತ್ರೆ ಗುಂಪಿನಲ್ಲಿ ಶೇ. 44.6 ಇತ್ತು. ಎಎಫ್ ಮರಳಿದ ಮೇಲೆ ಎಕೋದಲ್ಲಿ ಪಂಪಿನ ಬಲ ಕುಸಿದಿದ್ದರೆ, ಕಾಲು ಊದಿ ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ಅಂಥವರು ತಿಂಗಳುಗಟ್ಟಲೆ ಯೋಚಿಸುತ್ತ ಕೂರಬಾರದು. ಬಿಡದೆ ಸದಾ ಎಎಫ್‌ನಲ್ಲೇ ಇರುವವರಲ್ಲೂ ವರ್ಷಗಳು ಕಳೆದಂತೆ ಹೃತ್ಕರ್ಣ ಹಿಗ್ಗಿ, ಚಿಕಿತ್ಸೆ ಕೈಗೂಡುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ.

ನೆಮ್ಮದಿಗಾಗಿ ಎನ್ನುವುದಾದರೆ, ‘ಮಾಡಿಸಿಕೊಂಡೆ’ ಎಂಬ ಭಾವನೆಯಿಂದಲೇ ಹಗುರಾಗುವುದು ಎಷ್ಟು ಎಂಬ ಅನುಮಾನ ಬರುವುದು ಸಹಜ. ಬ್ರಿಟನ್ನಿನ ಸಂಶೋಧಕರು 126 ರೋಗಿಗಳಲ್ಲಿ ಅದನ್ನೂ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ನಿಜವಾದ ಅಬ್ಲೇಷನ್. ಉಳಿದವರಿಗೆ ಮಂಪರು ಮದ್ದು ಕೊಟ್ಟು ಎಲ್ಲ ಸಿದ್ಧತೆ ಮಾಡಿ, ಹೃದಯಕ್ಕೆ ಚಿಕಿತ್ಸೆ ಮಾತ್ರ ಮಾಡಲಿಲ್ಲ. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಿರಲಿಲ್ಲ. ಚರ್ಮದಡಿ ಇಟ್ಟ ಪುಟ್ಟ ಯಂತ್ರ ಆರು ತಿಂಗಳು ಲೆಕ್ಕವಿಟ್ಟಿತು. ಎಎಫ್‌ನಲ್ಲಿ ಕಳೆದ ಸಮಯ ಅಬ್ಲೇಷನ್ ಆದವರಲ್ಲಿ ಶೇ. 60ರಷ್ಟು, ಆಗದವರಲ್ಲಿ ಶೇ. 35ರಷ್ಟು ಇಳಿದಿತ್ತು. 2024ರಲ್ಲಿ ಪ್ರಕಟವಾದ ಈ ಫಲಿತಾಂಶ ಎರಡು ಸಂಗತಿಗಳನ್ನು ಹೇಳುತ್ತದೆ: ಅಬ್ಲೇಷನ್ ನಿಜಕ್ಕೂ ಕೆಲಸ ಮಾಡುತ್ತದೆ, ಹಾಗೆಯೇ ಎಎಫ್ ತಾನಾಗಿ ಏರಿಳಿಯುವ ಕಾಯಿಲೆಯೂ ಹೌದು. ತೀರ ಹೆಚ್ಚಿದ್ದ ತಿಂಗಳಲ್ಲಿ ಕೈಗೊಂಡ ನಿರ್ಧಾರ, ಎರಡು ತಿಂಗಳು ಕಾದು ನೋಡಿದ್ದರೆ ಬೇರೆಯಾಗಬಹುದಿತ್ತು.

ಕಾಯುವ ಆ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಈ ಭಾಷಣದಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು ಇದೇ, ಏಕೆಂದರೆ ಆಸ್ಪತ್ರೆಯ ಕೋಣೆಯಲ್ಲಿ ಅತಿ ಕಡಿಮೆ ಹೊತ್ತು ಸಿಗುವುದು ಇದಕ್ಕೇ. ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ಪ್ರಶಾಂತನ್ ಸ್ಯಾಂಡರ್ಸ್, ರಾಜೀವ್ ಪಾಠಕ್ ಮೊದಲಾದವರು ಮೈತೂಕ ಹೆಚ್ಚಿದ್ದ 355 ಎಎಫ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದರು. ತಮ್ಮ ತೂಕದ ಹತ್ತನೆಯ ಒಂದು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಇಳಿಸಿದವರಲ್ಲಿ ಶೇ. 45ರಷ್ಟು ಮಂದಿ ಅಬ್ಲೇಷನ್ನೂ ಲಯದ ಮಾತ್ರೆಯೂ ಇಲ್ಲದೆ ಎಎಫ್‌ನಿಂದ ಮುಕ್ತರಾಗಿ ಉಳಿದರು. ತೂಕ ಹೆಚ್ಚೇನೂ ಇಳಿಸದವರಲ್ಲಿ ಅಂಥವರು ಶೇ. 13 ಮಾತ್ರ. ಅದೇ ತಂಡದ ಇನ್ನೊಂದು ಅಧ್ಯಯನ ಅಬ್ಲೇಷನ್ ಮಾಡಿಸಿಕೊಂಡವರನ್ನೇ ನೋಡಿತು. ತೂಕ, ಬಿಪಿ, ಸಕ್ಕರೆ, ಗೊರಕೆಯ ಕಾಯಿಲೆ, ಸಿಗರೇಟು, ಮದ್ಯ ಇವೆಲ್ಲವನ್ನೂ ಹಟ ಹಿಡಿದು ಹತೋಟಿಗೆ ತಂದವರಲ್ಲಿ ಅಬ್ಲೇಷನ್ನಿನ ಫಲ ಉಳಿದವರಿಗಿಂತ ಬಹಳ ಹೆಚ್ಚು ಕಾಲ ನಿಂತಿತು. ರೋಗಿಗಳು ಸ್ವತಃ ಈ ದಾರಿ ಆರಿಸಿಕೊಂಡವರಾದ್ದರಿಂದ ಅಂಕಿಗಳನ್ನು ಕೊಂಚ ಎಚ್ಚರದಿಂದಲೇ ಓದಬೇಕು. ಆದರೂ ದಿಕ್ಕು ಸ್ಪಷ್ಟವಾಗಿದೆ.

ಮದ್ಯದ ವಿಷಯದಲ್ಲಿ ಇನ್ನೂ ಗಟ್ಟಿಯಾದ ಪುರಾವೆ ಇದೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗದಲ್ಲಿ ನಿಯಮಿತವಾಗಿ ಕುಡಿಯುತ್ತಿದ್ದ 140 ಎಎಫ್ ರೋಗಿಗಳಿದ್ದರು. ಚೀಟಿ ಎತ್ತಿದಂತೆ ಆರಿಸಿ ಅರ್ಧ ಮಂದಿಗೆ ಕುಡಿತ ಬಿಡಲು ಹೇಳಿದರು. ಆರು ತಿಂಗಳಲ್ಲಿ ಎಎಫ್ ಮರಳಿದ್ದು ಬಿಟ್ಟವರಲ್ಲಿ ಶೇ. 53, ಬಿಡದವರಲ್ಲಿ ಶೇ. 73.

ಗೊರಕೆಯನ್ನು ನಮ್ಮ ಮನೆಗಳಲ್ಲಿ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಜೋರಾದ ಗೊರಕೆಯ ನಡುವೆ ಉಸಿರೇ ನಿಂತು, ಸ್ವಲ್ಪ ಹೊತ್ತಿನ ಮೇಲೆ ಗಕ್ಕನೆ ಎಳೆದುಕೊಳ್ಳುವವರಿಗೆ ಸ್ಲೀಪ್ ಅಪ್ನಿಯಾ ಇರಬಹುದು. ಪಕ್ಕದಲ್ಲಿ ಮಲಗುವವರೇ ಇದನ್ನು ಮೊದಲು ಗಮನಿಸುವುದು, ಅವರ ಮಾತನ್ನು ಡಾಕ್ಟರು ಕೇಳಿಸಿಕೊಳ್ಳಬೇಕು. ಚಿಕಿತ್ಸೆಯಾಗದ ಅಪ್ನಿಯಾ ಇರುವವರಲ್ಲಿ ಅಬ್ಲೇಷನ್ ಆದ ಮೇಲೂ ಎಎಫ್ ಮರಳುವುದು ಹೆಚ್ಚು. ಥೈರಾಯ್ಡ್ ಒಮ್ಮೆ ಪರೀಕ್ಷಿಸಿಕೊಳ್ಳುವುದೂ ಅಗತ್ಯ. ಇದಾವುದನ್ನೂ ನೋಡದೆ ನೇರವಾಗಿ ಎರಡನೆಯ ಸಲದ ದಿನ ಗೊತ್ತುಮಾಡುವ ಸಲಹೆ ಬಂದರೆ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಡಾಕ್ಟರು ಅದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ.

ಎರಡನೆಯ ಸಲ ಒಳಹೊಕ್ಕು ನೋಡಿದಾಗ ಮೊದಲ ಉಂಗುರಗಳೆಲ್ಲ ಗಟ್ಟಿಯಾಗಿದ್ದು, ಎಲ್ಲೂ ಸಂದು ಸಿಗದಿದ್ದರೆ? ಹಾಗೂ ಆಗುತ್ತದೆ. ಆಗ ಹೃತ್ಕರ್ಣದ ಬೇರೆ ಕಡೆ ಅಬ್ಲೇಷನ್ ಮಾಡಬೇಕಾಗುತ್ತದೆ, ಎಲ್ಲಿ ಮಾಡಬೇಕು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಮೊದಲ ಅಬ್ಲೇಷನ್ ಬಗ್ಗೆ 2015ರಲ್ಲಿ ‘ಸ್ಟಾರ್ ಎಎಫ್ 2’ ಎಂಬ ಅಧ್ಯಯನ ಬಂತು. ಬಿಡದೆ ಕಾಡುವ ಎಎಫ್ ಇದ್ದ 589 ರೋಗಿಗಳಲ್ಲಿ ನಾಳಗಳ ಸುತ್ತ ಮಾತ್ರ ಅಬ್ಲೇಷನ್ ಆದವರಲ್ಲಿ ಶೇ. 59ರಷ್ಟು ಮಂದಿ ಒಂದೂವರೆ ವರ್ಷದ ನಂತರವೂ ಎಎಫ್ ಮರುಕಳಿಸದೆ ಇದ್ದರು. ಅದರ ಜೊತೆಗೆ ಬೇರೆ ಕಡೆಯೂ ಅಬ್ಲೇಷನ್ ಆದವರಲ್ಲಿ ಅಂಥವರು ಶೇ. 46ರಿಂದ 49. ಹೆಚ್ಚು ಸುಟ್ಟರೆ ಹೆಚ್ಚು ಗುಣವೆಂಬ ನಂಬಿಕೆಗೆ ಈ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ. ‘ನಾಳಗಳೆಲ್ಲ ಮುಚ್ಚೇ ಇದ್ದರೆ ಏನು ಮಾಡುತ್ತೀರಿ?’ ಎಂಬ ಪ್ರಶ್ನೆಯನ್ನು ಸಹಿ ಹಾಕುವ ಮೊದಲೇ ಕೇಳಿಟ್ಟುಕೊಳ್ಳುವುದು ಇದಕ್ಕೇ.

ಅಪಾಯಗಳ ಮಾತನ್ನೂ ಬಿಡುವಂತಿಲ್ಲ. ತೊಡೆಸಂದಿನಲ್ಲಿ ರಕ್ತಸ್ರಾವ ಅಥವಾ ಗಂಟು, ಹೃದಯದ ಗೋಡೆಗೆ ತೂತಾಗಿ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು, ಪಾರ್ಶ್ವವಾಯು, ಇವು ಅನುಭವಿಗಳ ಕೈಯಲ್ಲೂ ಆಗೊಮ್ಮೆ ಈಗೊಮ್ಮೆ ಆಗುತ್ತವೆ. ಹೃದಯದ ಚೀಲದಲ್ಲಿ ರಕ್ತ ತುಂಬುವುದು ಸುಮಾರು ನೂರರಲ್ಲೊಬ್ಬರಿಗೆ. ತೀರ ಅಪರೂಪವಾದರೂ ಎಲ್ಲಕ್ಕಿಂತ ಭೀಕರವಾದದ್ದು ಎಡ ಹೃತ್ಕರ್ಣದ ಬೆನ್ನಿಗಂಟಿಕೊಂಡ ಅನ್ನನಾಳಕ್ಕೆ ಬಿಸಿ ತಗುಲಿ, ಎರಡರ ನಡುವೆ ತೂತಾಗುವುದು. ಇದು ತಿಳಿಯುವುದು ಹೆಚ್ಚಾಗಿ ಮನೆಗೆ ಹೋಗಿ ಒಂದರಿಂದ ಆರು ವಾರಗಳ ಒಳಗೆ. ಜ್ವರ, ಎದೆನೋವು, ನುಂಗಲು ಕಷ್ಟ, ಕೈಕಾಲು ಸೋಲುವುದು ಇವುಗಳಲ್ಲಿ ಯಾವುದು ಕಂಡರೂ ಹತ್ತಿರದ ಕ್ಲಿನಿಕ್ಕಿನಲ್ಲಿ ಜ್ವರದ ಮಾತ್ರೆ ತೆಗೆದುಕೊಂಡು ಸುಮ್ಮನಾಗಬಾರದು. ಅಬ್ಲೇಷನ್ ಮಾಡಿದ ಆಸ್ಪತ್ರೆಗೆ ಕೂಡಲೇ ತಿಳಿಸಿ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು. ಬಾಯಿಂದ ಎಂಡೋಸ್ಕೋಪಿ ಮಾಡಿದರೆ ಅದರ ಗಾಳಿ ಹೃದಯಕ್ಕೆ ನುಗ್ಗಿ ಜೀವಕ್ಕೇ ಕುತ್ತು ಬರಬಹುದು. ಹಾಸನದಲ್ಲೋ ಬೀದರದಲ್ಲೋ ರೋಗಿಯನ್ನು ನೋಡುವ ಡಾಕ್ಟರಿಗೆ ಈ ವಿಷಯ ಹೇಳುವುದು ರೋಗಿಯ ಮನೆಯವರ ಹೊಣೆಯೂ ಹೌದು.

ಇತ್ತೀಚೆಗೆ ಬಂದಿರುವ ಪಲ್ಸ್ಡ್ ಫೀಲ್ಡ್ ವಿಧಾನದಲ್ಲಿ ಬಿಸಿಯ ಬದಲು ಅತಿ ಕಿರು ಅವಧಿಯ ವಿದ್ಯುತ್ ಮಿಡಿತಗಳಿಂದ ಸ್ನಾಯುವನ್ನು ನಿಷ್ಕ್ರಿಯಗೊಳಿಸುತ್ತಾರೆ. 2024ರಲ್ಲಿ ಪ್ರಕಟವಾದ 17,642 ರೋಗಿಗಳ ಮಾಹಿತಿಯಲ್ಲಿ ಅನ್ನನಾಳದ ತೂತು ಒಂದೂ ಇರಲಿಲ್ಲ, ಒಟ್ಟು ಗಂಭೀರ ತೊಡಕುಗಳು ಸುಮಾರು ಶೇ. 1. ಅನ್ನನಾಳದ ಭಯ ಕಡಿಮೆಯಾಗುವುದು ದೊಡ್ಡ ಸಮಾಧಾನ. ಎಎಫ್ ಮತ್ತೆಂದೂ ಬಾರದು ಎಂಬ ಭರವಸೆಯನ್ನು ಮಾತ್ರ ಈ ವಿಧಾನವೂ ಕೊಡುವುದಿಲ್ಲ.

ಮೇಷ್ಟ್ರ ಹೆದರಿಕೆಗೆ ಮರಳೋಣ. ಎಎಫ್ ಇದ್ದಾಗ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಅದನ್ನು ತಡೆಯುವುದು ಅಪಿಕ್ಸಬಾನ್, ಡಬಿಗಟ್ರಾನ್, ಅಸಿಟ್ರೋಮ್‌ನಂಥ ಮಾತ್ರೆಗಳು. ಅಬ್ಲೇಷನ್ ಆದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಎಲ್ಲರೂ ಇವನ್ನು ತೆಗೆದುಕೊಳ್ಳಬೇಕು. ಆಮೇಲೆ ಮುಂದುವರಿಸಬೇಕೇ ಎಂಬುದು ವಯಸ್ಸು, ಬಿಪಿ, ಸಕ್ಕರೆ, ಹಿಂದೆ ಲಕ್ವ ಹೊಡೆದಿತ್ತೇ ಎಂಬಂಥ ಅಂಶಗಳ ಮೇಲೆ ನಿಂತಿದೆ. ಎದೆ ಹೊಡೆದುಕೊಳ್ಳುವುದು ನಿಂತಿತೆಂದು ತಾವಾಗಿಯೇ ಮಾತ್ರೆ ಬಿಡುವುದು ಅಪಾಯ. ಈ ಮಾತ್ರೆಯಿಂದ ಬಿಡುಗಡೆ ಪಡೆಯುವುದಕ್ಕಾಗಿಯೇ ಎರಡನೆಯ ಅಬ್ಲೇಷನ್ ಮಾಡಿಸುತ್ತೇನೆ ಎನ್ನುವವರು ಮೊದಲು ಡಾಕ್ಟರನ್ನು ನೇರವಾಗಿ ಕೇಳಬೇಕು, ಏಕೆಂದರೆ ಅನೇಕರಿಗೆ ಸಿಗುವ ಉತ್ತರ ‘ಮಾತ್ರೆ ಹೇಗೂ ಬೇಕು’ ಎಂದೇ.

ನಮ್ಮ ದೇಶದಲ್ಲಿ ಇನ್ನೊಂದು ಗುಂಪು ದೊಡ್ಡದಾಗಿದೆ. ಚಿಕ್ಕಂದಿನ ಕೀಲುವಾತದ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಎಎಫ್ ಬಂದವರು, ಅವರಲ್ಲಿ ಹೆಂಗಸರೇ ಹೆಚ್ಚು. ಅವರಿಗೆ ಮೊದಲು ಸರಿಯಾಗಬೇಕಾದದ್ದು ಕವಾಟ. ಲಕ್ವ ತಡೆಯುವ ಮಾತ್ರೆಯ ಆಯ್ಕೆಯೂ ಬೇರೆ. ಭಾರತವೂ ಸೇರಿ 24 ದೇಶಗಳ 4,500ಕ್ಕೂ ಹೆಚ್ಚು ಇಂಥ ರೋಗಿಗಳ ಮೇಲೆ ನಡೆದ ‘ಇನ್ವಿಕ್ಟಸ್’ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೊಸ ಮಾತ್ರೆ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಬಗೆಯ ಹಳೆಯ ಮಾತ್ರೆಗಳೇ ಅವರನ್ನು ಹೆಚ್ಚು ಕಾಪಾಡಿದವು.

ಬೇಡವೆಂದು ತೀರ್ಮಾನಿಸಿದವರಿಗೂ ದಾರಿಗಳಿವೆ. ಮೊದಲ ಅಬ್ಲೇಷನ್ನಿಗೆ ಮುಂಚೆ ಕೆಲಸ ಮಾಡದ ಲಯದ ಮಾತ್ರೆ, ಅಬ್ಲೇಷನ್ ಆದ ಮೇಲೆ ಕೆಲವರಿಗೆ ಸಾಕಾಗುತ್ತದೆ. ಬಡಿತದ ವೇಗವನ್ನಷ್ಟೇ ಹತೋಟಿಯಲ್ಲಿಟ್ಟುಕೊಂಡು ಎಎಫ್ ಜೊತೆಗೇ ಬದುಕುವುದೂ ಗೌರವದ ಆಯ್ಕೆ. 4,060 ರೋಗಿಗಳ ‘ಅಫರ್ಮ್’ ಅಧ್ಯಯನದಲ್ಲಿ, ಮಾತ್ರೆಗಳಿಂದ ಲಯವನ್ನೇ ಸರಿಪಡಿಸಹೊರಟ ಗುಂಪು ವೇಗವನ್ನಷ್ಟೇ ನಿಯಂತ್ರಿಸಿದ ಗುಂಪಿಗಿಂತ ಹೆಚ್ಚು ಕಾಲ ಬದುಕಿತೆಂದು 2002ರಲ್ಲಿ ಕಂಡುಬರಲಿಲ್ಲ. ಯಾವ ಮಾತ್ರೆಗೂ ವೇಗ ಬಗ್ಗದ ಹಿರಿಯರಿಗೆ ಪೇಸ್‌ಮೇಕರ್ ಇಟ್ಟು ಎವಿ ನೋಡನ್ನೇ ಅಬ್ಲೇಷನ್ ಮಾಡುವ ದಾರಿಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ಮೆಲ್ವಿನ್ ಶೈನ್‌ಮನ್ 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆಮೇಲೆ ಜೀವನಪೂರ್ತಿ ಪೇಸ್‌ಮೇಕರನ್ನು ಅವಲಂಬಿಸಬೇಕಾಗುತ್ತದೆ ಎಂಬುದನ್ನು ತಿಳಿದೇ ಒಪ್ಪಬೇಕು.

ಮಾಡಿಸುವುದೆಂದು ಹೊರಟವರು ಲಯದ ಚಿಕಿತ್ಸೆಯಲ್ಲೇ ಪಳಗಿದ ಎಲೆಕ್ಟ್ರೋಫಿಸಿಯಾಲಜಿಸ್ಟ್ ಇರುವ ಕಡೆಗೇ ಹೋಗಬೇಕು, ಅದರಲ್ಲೂ ಎರಡನೆಯ ಸಲದ ಅಬ್ಲೇಷನ್‌ಗಳನ್ನು ಅವರು ವರ್ಷಕ್ಕೆ ಎಷ್ಟು ಮಾಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಬೇಕು. ಸರ್ಕಾರಿ ಯೋಜನೆಯಾಗಲಿ ಖಾಸಗಿ ವಿಮೆಯಾಗಲಿ ಎರಡನೆಯ ಸಲಕ್ಕೂ ಹಣ ಕೊಡುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಭೇಟಿಗೆ ಹೋಗುವಾಗ ಮೊದಲ ಅಬ್ಲೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಸಾಧ್ಯವಿದ್ದರೆ ಅಂದಿನ ಪ್ರೊಸೀಜರ್ ವರದಿ ಮತ್ತು ನಕ್ಷೆಯ ಪ್ರತಿ, ಇತ್ತೀಚಿನ ಎಕೋ, ಎಎಫ್ ದಾಖಲಾದ ಇಸಿಜಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಇವು ಕೈಯಲ್ಲಿರಲಿ. ಜೊತೆಗೆ ಎರಡು ತಿಂಗಳ ಒಂದು ಡೈರಿ: ಯಾವ ದಿನ ಬಂತು, ಎಷ್ಟು ಹೊತ್ತು ಇತ್ತು, ಆಗ ಏನು ಮಾಡಲಾಗಲಿಲ್ಲ. ಹಾಗೆ ಬರೆದಿಟ್ಟ ಹಾಳೆಯನ್ನು ಮುಂದಿಟ್ಟುಕೊಂಡು ಮಾತಾಡಿದರೆ ಡಾಕ್ಟರಿಗೂ ರೋಗಿಗೂ ಆ ಹದಿನೈದು ನಿಮಿಷ ಹೆಚ್ಚು ಉಪಯೋಗಕ್ಕೆ ಬರುತ್ತದೆ.